ನಿಸ್ತಂತು ಜಾಲಗಳ ಸ್ಪರ್ಧೆಯೂ ವಡಗೇರಾದ ಹಳ್ಳಿಗಳೂ

ಸುದ್ದಿಯ ದಾರಿ ಯಾರ ಕೈಯಲ್ಲಿರುವದೋ ನಾಡಿನ ಆಡಳಿತದ ಲಗಾಮೂ ಅವರ ಕೈಯಲ್ಲಿರುವದೆಂಬದನ್ನು ನಮ್ಮ ಸೀಮೆಯವರಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರು ಇಂಗ್ಲಿಷರ ಮೇಲೆ ಕತ್ತಿ ಹಿರಿದ ಕಾಲಕ್ಕೆ ದೇಶದ ತಂತಿಗಳು ಪರಕೀಯರ ವಶದಲ್ಲಿದ್ದವು; ದಂಗೆಯ ಆ ಎರಡು ವರುಷಗಳಲ್ಲಿ ತಂತಿಯ ಸುದ್ದಿಯು ಅವರಿಗೆ ಎಷ್ಟರ ಮಟ್ಟಿಗೆ ನೆರವಾಯಿತೆಂಬದು ಚರಿತ್ರೆಯನ್ನು ಓದಿದವರಿಗೆ ತಿಳಿದೇ ಇದೆ. 1871ರಲ್ಲಿ ಮುಂಬಯಿಯ ಕಡೆಯ ರೇಲ್ವೆ ಹಳಿಯೂ ಮದರಾಸಿನ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿಕೊಂಡವು. ಆ ದಾರಿಯ ಮೇಲಿದ್ದ ಯಾದಗಿರಿಗೆ ಪೇಟೆಯ ಯೋಗ ಬಂದಿತು. ದಾರಿಯಿಂದ ದೂರವಿದ್ದ ಹಳ್ಳಿಗಳು ಇದ್ದಲ್ಲಿಯೇ ಉಳಿದವು. ತಂತಿಯ ವ್ಯವಸ್ಥೆಯು 2013ರ ಜುಲೈ ತಿಂಗಳಲ್ಲಿ ತನ್ನ ಕೊನೆಯ ತಾರನ್ನು ಕಳಿಸಿ ಬಾಗಿಲು ಹಾಕಿತು. ಈಗ ಸುದ್ದಿ, ಹಣ, ವಿದ್ಯೆ, ಸರಕಾರದ ಆಜ್ಞೆ, ಬಡವನ ಪಡಿತರ ಇವೆಲ್ಲವೂ ಕಣ್ಣಿಗೆ ಕಾಣದ ಒಂದು ದಾರಿಯಲ್ಲಿ, ಅಂದರೆ ಆಕಾಶದಲ್ಲಿಯ ತರಂಗಗಳ ಮೇಲೆ, ಸಂಚರಿಸುತ್ತಿರುವವು.

ಈ ಹೊಸ ದಾರಿಯು ಕೃಷ್ಣಾ ಭೀಮಾ ನದಿಗಳ ನಡುವಿನ ವಡಗೇರಾ ತಾಲೂಕಿಗೆ ಯಾವ ಸ್ಥಿತಿಯಲ್ಲಿ ಬಂದು ಮುಟ್ಟುತ್ತಲಿದೆ, ಮುಟ್ಟುವದಕ್ಕೆ ತಡವಾಗುವದೇಕೆ, ಅದರ ಹೊಣೆ ಯಾರದು ಎಂಬ ವಿಚಾರವನ್ನು ಇಂದು ವಾಚಕರ ಮುಂದಿಡಬೇಕೆಂದಿದ್ದೇವೆ. 2017ರ ಮುಂಗಡಪತ್ರದಲ್ಲಿ ಘೋಷಿತವಾಗಿ, ಶಹಾಪುರದಿಂದ ಬೇರ್ಪಟ್ಟು ವಡಗೇರಾ ಸ್ವತಂತ್ರ ತಾಲೂಕಾಯಿತು. ತಾಲೂಕು ಹೊಸದಾದರೂ ಅಡಚಣಿಗಳು ಹಳೆಯವು. 2011ರ ಜನಗಣತಿಯಲ್ಲಿ ಅಕ್ಷರಸ್ಥರ ಪ್ರಮಾಣವನ್ನು ನೋಡಿದರೆ ಯಾದಗಿರಿಯು ಕರ್ನಾಟಕದ ಜಿಲ್ಹೆಗಳಲ್ಲಿ ಕಟ್ಟಕಡೆಯದಾಗಿತ್ತು. ನೂರು ಜನರಲ್ಲಿ ಓದುಬರಹ ಬಲ್ಲವರು ಅರ್ಧದಷ್ಟು ಮಾತ್ರ. ಇಂಥ ಸೀಮೆಗೆ ನಿಸ್ತಂತು ಜಾಲವು ಭೋಗದ ವಸ್ತುವಲ್ಲ. ದೂರದ ಶಾಲೆ, ದೂರದ ಆಸ್ಪತ್ರೆ, ದೂರದ ಕಚೇರಿಗಳಿಂದಾದ ಕೊರತೆಯನ್ನು ಒಂದಿಷ್ಟಾದರೂ ತುಂಬಬಲ್ಲ ಸಾಧನವು.

ಆಕಾಶದ ಕಾಲುವೆ

ಮೊದಲು ಈ ಜಾಲದ ಸ್ವರೂಪವನ್ನು ತಿಳಿದುಕೊಳ್ಳುವದು ಅವಶ್ಯ. ನಾರಾಯಣಪುರದ ಬಸವಸಾಗರದಿಂದ ಎಡದಂಡೆಯ ಕಾಲುವೆಯು ಸುರಪುರ ಶಹಾಪುರಗಳ ಹೊಲಗಳಿಗೆ ಹರಿದು ಬರುವದನ್ನು ಕಂಡ ನಮ್ಮ ರೈತರಿಗೆ ಇದನ್ನು ಹೇಳುವದು ಕಷ್ಟವಲ್ಲ. ಟವರು ಒಂದು ತೂಬು ಇದ್ದಂತೆ. ಅದರ ಆವರಣದೊಳಗಿನ ಎಲ್ಲ ದೂರವಾಣಿಗಳೂ ಒಂದೇ ಹರಿವನ್ನು ಹಂಚಿಕೊಳ್ಳುತ್ತವೆ. ತೂಬಿನ ಹತ್ತಿರದವನಿಗೆ ಹೆಚ್ಚು, ಕೊನೆಯ ಹೊಲದವನಿಗೆ ಕಡಿಮೆ. ಬಳಸುವವರು ಹೆಚ್ಚಿದಂತೆ ಎಲ್ಲರ ಪಾಲೂ ಕುಗ್ಗುವದು. ಇನ್ನೊಂದು ಮಾತು. ತೂಬಿಗೆ ಮೇಲಿನಿಂದ ನೀರು ಬಾರದೆ ಇದ್ದರೆ ತೂಬು ಎಷ್ಟು ದೊಡ್ಡದಿದ್ದರೂ ಫಲವಿಲ್ಲ. ಟವರಿಗೆ ಭೂಮಿಯೊಳಗಿನ ಗಾಜಿನ ಎಳೆಯ ತಂತಿ ಇದ್ದರೆ ಹರಿವು ತುಂಬಿ ಬರುವದು. ಟವರಿನಿಂದ ಟವರಿಗೆ ಗಾಳಿಯಲ್ಲಿಯೇ ಸಾಗಿಸಬೇಕಾದಲ್ಲಿ ಹರಿವು ಸೊರಗುವದು. ದೂರವಾಣಿಯ ಮುಖದ ಮೇಲೆ ನಾಲ್ಕು ಗೀಟುಗಳು ಪೂರ್ಣವಾಗಿ ತೋರುತ್ತಿದ್ದರೂ ಒಂದು ಕಾಗದವೂ ತೆರೆಯದಿರುವದಕ್ಕೆ ಕಾರಣವು ಬಹಳ ಸಲ ಇದೇ ಆಗಿರುತ್ತದೆ.

ತರಂಗಗಳಲ್ಲಿಯೂ ಜಾತಿಭೇದಗಳುಂಟು. 700 ಅಥವಾ 900 ಮೆಗಾಹರ್ಟ್ಸಿನ ತರಂಗಗಳು ದೂರ ಹೋಗುತ್ತವೆ, ಗೋಡೆಗಳನ್ನು ತೂರಿ ಒಳಗೆ ಬರುತ್ತವೆ. ಆದರೆ ಹೊರುವ ಭಾರ ಕಡಿಮೆ. 3300 ಮೆಗಾಹರ್ಟ್ಸಿನವು ಹೆಚ್ಚು ಭಾರ ಹೊತ್ತರೂ ಬೇಗ ಬಳಲುತ್ತವೆ. 26,000 ಮೆಗಾಹರ್ಟ್ಸಿನವಂತೂ ಕೆಲವು ನೂರು ಗಜಗಳ ಆಚೆಗೆ ಪ್ರಯೋಜನಕ್ಕೆ ಬರುವದು ಕಷ್ಟ. ಆದುದರಿಂದ ಜನದಟ್ಟಣೆಯ ಬೆಂಗಳೂರಿಗೆ ಹಿತವಾದ ತರಂಗವು ಬಯಲುಸೀಮೆಯ ಹಳ್ಳಿಗೆ ಹಿತವಾಗಲಾರದು. ಹಳ್ಳಿಗೆ ಬೇಕಾದದ್ದು ದೂರ ನಡೆಯಬಲ್ಲ ತರಂಗ. ಯಾವ ಜಾಲ ಉತ್ತಮವೆಂದು ಕೇಳುವವರು ಯಾರಿಗೆ ಉತ್ತಮವೆಂಬದನ್ನು ಸಹ ಒಡನೆಯೇ ಕೇಳಬೇಕು.

ಹಳಿಯ ಅಳತೆಯ ಜಗಳ

ನಮ್ಮಲ್ಲಿ ಹಿರಿಯರಾದವರಿಗೆ ಬ್ರಾಡ್‌ಗೇಜ್ ಮೀಟರ್‌ಗೇಜ್‌ಗಳ ತಂಟೆಯು ನೆನಪಿರಬಹುದು. ಅಗಲವಾದ ಹಳಿಯ ಡಬ್ಬಿಯು ಇಕ್ಕಟ್ಟಾದ ಹಳಿಯ ಮೇಲೆ ಹೋಗಲಾರದು. ಹಳಿ ಬದಲಾಗುವ ನಿಲ್ದಾಣದಲ್ಲಿ ಮೂಟೆಗಳನ್ನು ಇಳಿಸಿ ಮತ್ತೆ ಏರಿಸಬೇಕು. ಆ ಖರ್ಚನ್ನು ಕಂಪನಿಯವರು ಹೊರಲಿಲ್ಲ. ಮೂಟೆಯ ಒಡೆಯನು ಹೊತ್ತನು. ನಿಸ್ತಂತು ಜಾಲಗಳ ಚರಿತ್ರೆಯೂ ಇಂಥ ಹಳಿಗಳ ಜಗಳದ ಚರಿತ್ರೆಯೇ ಆಗಿದೆ.

ಭಾರತದಲ್ಲಿ ಸಂಚಾರಿ ದೂರವಾಣಿಯ ಮೊದಲ ಮಾತು ನಡೆದದ್ದು 1995ರ ಜುಲೈ 31ರಂದು, ಕಲಕತ್ತೆಯಿಂದ ಬಂಗಾಲದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಕೇಂದ್ರ ಮಂತ್ರಿ ಸುಖರಾಮರೊಡನೆ ಮಾತಾಡಿದಾಗ. ಆ ಜಾಲವು ಯುರೋಪಿನಲ್ಲಿ ರೂಪುಗೊಂಡ ಜಿ.ಎಸ್.ಎಂ. ಪದ್ಧತಿಯದು. ಮಾತನಾಡುವವರಿಗೆ ಕಾಲವನ್ನು ತುಂಡು ತುಂಡಾಗಿ ಹಂಚಿಕೊಡುವದು ಅದರ ಕ್ರಮ. ಏಳು ವರುಷಗಳ ತರುವಾಯ, 2002ರ ಡಿಸೆಂಬರದಲ್ಲಿ, ರಿಲಾಯನ್ಸ್ ಕಂಪನಿಯವರು ಅಮೇರಿಕೆಯಲ್ಲಿ ಬೆಳೆದ ಸಿ.ಡಿ.ಎಂ.ಎ. ಪದ್ಧತಿಯನ್ನು ದೇಶದ ತುಂಬ ಹಬ್ಬಿಸಲು ಹೊರಟರು. ಇದರಲ್ಲಿ ಎಲ್ಲರೂ ಒಂದೇ ಕಾಲಕ್ಕೆ ಮಾತಾಡುವರು. ಪ್ರತಿಯೊಬ್ಬನ ಮಾತನ್ನು ಅವನವನ ಸಂಕೇತದಿಂದ ಗುರುತಿಸಲಾಗುವದು. 2003ರ ಮಳೆಗಾಲದಲ್ಲಿ 501 ರೂಪಾಯಿ ಕೊಟ್ಟವರ ಕೈಗೆ ಯಂತ್ರ ಬಂದಿತು. ಜನರು ಮುಗಿಬಿದ್ದರು. ಆದರೆ ಆ ಯಂತ್ರವು ಆ ಕಂಪನಿಯ ಹಳಿಯ ಮೇಲೆ ಮಾತ್ರ ಓಡತಕ್ಕದ್ದು. ಚಂದಾದಾರನು ಬೇರೆಯವರ ಕಡೆಗೆ ಹೋಗಬೇಕಾದರೆ ಯಂತ್ರವನ್ನು ಮೂಲೆಗೆಸೆಯಬೇಕು. ಹದಿನೈದು ವರುಷ ಕಳೆಯುವದರೊಳಗಾಗಿ ದೇಶದಲ್ಲಿ ಆ ಪದ್ಧತಿಯೇ ಅಸ್ತಂಗತವಾಯಿತು. ವಿನೋದವೇನೆಂದರೆ, ಗೆದ್ದ ಜಿ.ಎಸ್.ಎಂ. ಮನೆತನದವರು ತಮ್ಮ ಮೂರನೆಯ ತಲೆಮಾರಿನ ಜಾಲಕ್ಕೆ ಸೋತವರ ಸಂಕೇತದ ಕ್ರಮವನ್ನೇ ಅಳವಡಿಸಿಕೊಂಡರು. ವಿದ್ಯೆ ಸೋಲಲಿಲ್ಲ, ಸೋತದ್ದು ಹಳಿ, ಮತ್ತು ಅದನ್ನು ನಂಬಿ ಹಣ ತೆತ್ತ ಗಿರಾಕಿ.

ಎರಡನೆಯ ಜಗಳವು ಇದಕ್ಕಿಂತ ದೊಡ್ಡದು. 2010ರಲ್ಲಿ ಕೇಂದ್ರ ಸರಕಾರವು ಮೂರನೆಯ ತಲೆಮಾರಿನ ತರಂಗಗಳನ್ನೂ ಬ್ರಾಡ್‌ಬ್ಯಾಂಡ್ ತರಂಗಗಳನ್ನೂ ಹರಾಜಿಗೆ ಹಾಕಿತು. ಮೊದಲನೆಯದರಿಂದ ಸುಮಾರು 67,700 ಕೋಟಿ, ಎರಡನೆಯದರಿಂದ ಸುಮಾರು 38,500 ಕೋಟಿ ರೂಪಾಯಿಗಳು ಬೊಕ್ಕಸಕ್ಕೆ ಬಂದವು. ಬ್ರಾಡ್‌ಬ್ಯಾಂಡ್ ತರಂಗಗಳ ಮೇಲೆ ಯಾವ ಗಾಡಿಯನ್ನು ಓಡಿಸಬೇಕೆಂಬ ಬಗ್ಗೆ ಜಗತ್ತಿನಲ್ಲಿ ಆಗ ಎರಡು ಪಂಗಡಗಳಿದ್ದವು. ಗಣಕಯಂತ್ರದ ಕೈಗಾರಿಕೆಯವರು, ಮುಖ್ಯವಾಗಿ ಇಂಟೆಲ್ ಕಂಪನಿಯವರು, ವೈಮ್ಯಾಕ್ಸಿನ ಪಕ್ಷ. ದೂರವಾಣಿಯ ಕೈಗಾರಿಕೆಯವರು ಎಲ್.ಟಿ.ಇ.ಯ ಪಕ್ಷ. ಕೊರಿಯದಲ್ಲಿ 2006ರಲ್ಲಿ, ಅಮೇರಿಕೆಯಲ್ಲಿ 2008ರಲ್ಲಿ ವೈಮ್ಯಾಕ್ಸಿನ ಮಾದರಿಯ ಜಾಲಗಳು ನಡೆಯಹತ್ತಿದ್ದವು. ಎಲ್.ಟಿ.ಇ.ಯು ತಡವಾಗಿ, 2009ರ ಡಿಸೆಂಬರದಲ್ಲಿ, ಸ್ಟಾಕ್‌ಹೋಮ್ ಮತ್ತು ಆಸ್ಲೊ ಪಟ್ಟಣಗಳಲ್ಲಿ ಕಣ್ಣು ತೆರೆಯಿತು. ಒಳಗಿನ ವಿದ್ಯೆಯನ್ನು ನೋಡಿದರೆ ಎರಡೂ ದಾಯಾದಿಗಳೇ. ಎರಡೂ ತರಂಗವನ್ನು ನೂರಾರು ಸಣ್ಣ ಎಳೆಗಳಾಗಿ ಸೀಳಿ ಭಾರವನ್ನು ಹಂಚುವವು. ಆದರೆ ಜಗತ್ತಿನ ದೂರವಾಣಿ ಕಂಪನಿಗಳಲ್ಲಿ ಬಹುಭಾಗದವರು ಜಿ.ಎಸ್.ಎಂ. ಮನೆತನದವರು, ಅವರಿಗೆ ಎಲ್.ಟಿ.ಇ.ಯು ಮನೆಯ ಮುಂದಿನ ಮೆಟ್ಟಿಲು. ಮೊದಲು ಹುಟ್ಟಿದವನು ಸೋತು, ಬಳಗ ದೊಡ್ಡದಿದ್ದವನು ಗೆದ್ದನು. ಅಮೇರಿಕೆಯ ಸ್ಪ್ರಿಂಟ್ ಕಂಪನಿಯವರು ತಮ್ಮ ವೈಮ್ಯಾಕ್ಸ್ ಜಾಲವನ್ನು 2016ರಲ್ಲಿ ಮುಚ್ಚಿದರು.

ನಮ್ಮ ದೇಶದಲ್ಲಿ ಈ ಪಂದ್ಯದ ಕಹಿಯನ್ನು ಉಂಡವರು ಯಾರು? ಹಳ್ಳಿಗಳಿಗೆ ವೈಮ್ಯಾಕ್ಸಿನ ಮೂಲಕ ಜಾಲ ಒದಗಿಸಲು ಹೊರಟ ಸರಕಾರಿ ಭಾರತ ಸಂಚಾರ ನಿಗಮದವರು. ಹರಾಜಿನ ದರವನ್ನೇ ತೆತ್ತು ಪಡೆದ ತರಂಗಗಳನ್ನು ಕೆಲವು ವೃತ್ತಗಳಲ್ಲಿ ಅವರು ಹಿಂದಿರುಗಿಸಬೇಕಾಯಿತು. ಇತ್ತ ಏರ್‌ಟೆಲ್ ಕಂಪನಿಯವರು 2012ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಎಲ್.ಟಿ.ಇ. ಜಾಲವನ್ನು ತೆರೆದರು. ಕರ್ನಾಟಕದ ರಾಜಧಾನಿಯು ದೇಶದಲ್ಲಿ ನಾಲ್ಕನೆಯ ತಲೆಮಾರನ್ನು ಕಂಡ ಎರಡನೆಯ ನಗರವಾಯಿತು. ಬೆಂಗಳೂರಿಗೆ ಗೆದ್ದ ಕುದುರೆ, ಹಳ್ಳಿಗೆ ಸೋತ ಕುದುರೆ. ಇದು ಯಾರೂ ಬೇಕೆಂದು ಮಾಡಿದ್ದಲ್ಲವಾದರೂ ಪರಿಣಾಮವು ಹಾಗೆಯೇ ಆಯಿತು.

ಅಗ್ಗವಾದದ್ದೂ ಉಳಿದದ್ದೂ

2016ರ ಸಪ್ಟೆಂಬರ 5ರಂದು ಜಿಯೋ ಕಂಪನಿಯವರು ಕಾಲಿಟ್ಟ ಮೇಲೆ ಈ ವ್ಯಾಪಾರದ ಮುಖವೇ ಬದಲಾಯಿತು. ಅವರು ಹಳೆಯ ತಲೆಮಾರುಗಳನ್ನು ಕಟ್ಟಲೇ ಇಲ್ಲ. ಮಾತನ್ನೂ ಸಹ ನಾಲ್ಕನೆಯ ತಲೆಮಾರಿನ ಜಾಲದ ಮೇಲೆಯೇ ಸಾಗಿಸಿ, ಕೆಲವು ತಿಂಗಳು ಎಲ್ಲವನ್ನೂ ಪುಕ್ಕಟೆಯಾಗಿ ಕೊಟ್ಟರು. 2014ರಲ್ಲಿ ಒಂದು ಜಿ.ಬಿ.ಗೆ ಸುಮಾರು 269 ರೂಪಾಯಿಗಳಿದ್ದ ಸರಾಸರಿ ದರವು ಮುಂದೆ ಹತ್ತು ರೂಪಾಯಿಯ ಆಸುಪಾಸಿಗೆ ಇಳಿಯಿತು. ಇದರಿಂದ ಬಡವರಿಗಾದ ಉಪಕಾರವನ್ನು ನಾವು ಅಲ್ಲಗಳೆಯುವದಿಲ್ಲ. ಹತ್ತಿಯ ಧಾರಣೆಯನ್ನು ಮನೆಯಲ್ಲಿಯೇ ಕುಳಿತು ತಿಳಿಯುವ ರೈತನೂ, ದುಡಿಯಲು ಬೆಂಗಳೂರು ಮುಂಬಯಿಗಳಿಗೆ ಹೋದ ಮಗನ ಮುಖವನ್ನು ಕಾಣುವ ತಾಯಿಯೂ ಈ ಅಗ್ಗದ ಫಲವನ್ನುಂಡವರೇ.

ಆದರೆ ಪಂದ್ಯದಲ್ಲಿ ಉಳಿದವರೆಷ್ಟು? ಏರ್‌ಸೆಲ್ ಮತ್ತು ರಿಲಾಯನ್ಸ್ ಕಮ್ಯುನಿಕೇಶನ್ಸ್ ದಿವಾಳಿಯೆದ್ದವು; ಟೆಲಿನಾರ್ ಮತ್ತು ಟಾಟಾದವರ ವ್ಯವಹಾರಗಳು ಏರ್‌ಟೆಲಿನಲ್ಲಿ ಲೀನವಾದವು; 2018ರಲ್ಲಿ ವೋಡಾಫೋನ್ ಮತ್ತು ಐಡಿಯಾ ಒಂದಾದವು. ಹತ್ತಕ್ಕಿಂತ ಹೆಚ್ಚು ಅಂಗಡಿಗಳಿದ್ದ ಸಂತೆಯಲ್ಲಿ ಮೂರು ಖಾಸಗಿ ಅಂಗಡಿಗಳೂ ಒಂದು ಸರಕಾರಿ ಅಂಗಡಿಯೂ ಉಳಿದವು. 2024ರ ಜುಲೈದಲ್ಲಿ ಮೂವರು ಖಾಸಗಿಯವರೂ ಕೆಲವು ದಿನಗಳ ಅಂತರದಲ್ಲಿ ದರವೇರಿಸಿದರು. ಅಂತರ್ಜಾಲವನ್ನೇ ಬಳಸದ ಮುದುಕನು ಕೇವಲ ಮಾತಿಗಾಗಿಯೂ ಅದೇ ದರ ತೆರಬೇಕಾದ ಸ್ಥಿತಿ ಬಂದಾಗ, ಬರಿಯ ಮಾತು ಮತ್ತು ಸಂದೇಶಗಳ ಬೇರೆ ಚೀಟಿಯನ್ನು ಮಾರಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರ ಡಿಸೆಂಬರದಲ್ಲಿ ವಿಧಿಸಬೇಕಾಯಿತು. ಸ್ಪರ್ಧೆ ಇರುವವರೆಗೆ ಗಿರಾಕಿ ದೊರೆ; ಸ್ಪರ್ಧೆ ತೆಳುವಾದಂತೆ ಅವನು ಪ್ರಜೆಯಾಗುವನು.

2022ರ ಹರಾಜಿನಲ್ಲಿ ಒಂದೂವರೆ ಲಕ್ಷ ಕೋಟಿ ರೂಪಾಯಿಗೆ ತರಂಗಗಳು ಮಾರಾಟವಾಗಿ, ಅದೇ ವರುಷ ಅಕ್ಟೋಬರ 1ರಂದು ಐದನೆಯ ತಲೆಮಾರಿನ ಜಾಲವು ದೇಶದಲ್ಲಿ ಪ್ರಾರಂಭವಾಯಿತು. ಏರ್‌ಟೆಲಿನವರು ಹಳೆಯ ನಾಲ್ಕನೆಯ ತಲೆಮಾರಿನ ಬುಡದ ಮೇಲೆ ಹೊಸ ಕೊಂಬೆಯನ್ನು ಕಸಿ ಮಾಡಿದರು. ಜಿಯೋದವರು ಬುಡದಿಂದಲೇ ಹೊಸ ಗಿಡ ನೆಟ್ಟರು. ಪಂಡಿತರು ಇವುಗಳ ಗುಣದೋಷಗಳನ್ನು ಚರ್ಚಿಸಲಿ. ಬ್ರಾಡ್‌ಬ್ಯಾಂಡ್ ಎಂದು ಕರೆಯಿಸಿಕೊಳ್ಳಲು ಇರಬೇಕಾದ ಕನಿಷ್ಠ ವೇಗವು ಸೆಕೆಂಡಿಗೆ 2004ರಲ್ಲಿ 256 ಕಿಲೋಬಿಟ್, 2013ರಲ್ಲಿ 512, 2023ರಲ್ಲಿ 2 ಮೆಗಾಬಿಟ್ ಎಂದು ಸರಕಾರವೇ ಏರಿಸುತ್ತ ಬಂದಿದೆ. ನದಿದಂಡೆಯ ಹಳ್ಳಿಗನು ಕೇಳುವದು ಐದನೆಯ ತಲೆಮಾರಿನ ವೈಭವವನ್ನಲ್ಲ. ಸರಕಾರದ ಈ ಕನಿಷ್ಠ ಅಳತೆಯಾದರೂ ತನ್ನ ಮನೆಯೊಳಗೆ, ಸಂಜೆಯ ಹೊತ್ತಿಗೆ, ವಿದ್ಯುತ್ತು ಹೋದಾಗಲೂ ದೊರೆಯುವದೇ ಎಂಬದನ್ನು.

ಹೊಟ್ಟೆಯ ಪ್ರಶ್ನೆ

ಮನರಂಜನೆಗಾಗಿ ಜಾಲ ಬೇಕೆನ್ನುವವರ ಪರವಾಗಿ ನಾವು ಈ ಲೇಖನವನ್ನು ಬರೆಯುತ್ತಿಲ್ಲ. ಸರಕಾರವು ತನ್ನ ಕಾರಭಾರವನ್ನೆಲ್ಲ ಜಾಲದ ಮೇಲೆ ಹೊರಿಸಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತಿದ ಮೇಲೆ ಅಕ್ಕಿ. ಬೆರಳ ಗುರುತು ದೂರದ ಯಂತ್ರಕ್ಕೆ ಹೋಗಿ ಒಪ್ಪಿಗೆ ಬರಬೇಕು. ಪಹಣಿಯು 2000ದಿಂದ ಭೂಮಿ ಯೋಜನೆಯ ಗಣಕದಲ್ಲಿದೆ. ಬೆಳೆಯ ಸಮೀಕ್ಷೆಯನ್ನು ರೈತನೇ ದೂರವಾಣಿಯಲ್ಲಿ ಮಾಡಬಹುದೆಂದು 2020ರಲ್ಲಿ ಹೇಳಲಾಯಿತು. ಅದೇ ವರುಷ ಕೋವಿಡಿನಿಂದ ಶಾಲೆಗಳು ಮುಚ್ಚಿದಾಗ, ದೂರವಾಣಿಯ ಪಾಠವು ಎಲ್ಲ ಮಕ್ಕಳಿಗೆ ಮುಟ್ಟದೆಂದು ಕಂಡ ರಾಜ್ಯ ಸರಕಾರವು ವಿದ್ಯಾಗಮವೆಂಬ ಯೋಜನೆಯಿಂದ ಉಪಾಧ್ಯಾಯರನ್ನೇ ಓಣಿಗಳಿಗೆ ಕಳಿಸಬೇಕಾಯಿತು. ಜಾಲದ ಮಿತಿಯನ್ನು ಸರಕಾರವೇ ಒಪ್ಪಿಕೊಂಡ ದೃಷ್ಟಾಂತವಿದು.

ಕೂಲಿಯವಳೊಬ್ಬಳು ಪಡಿತರಕ್ಕಾಗಿ ಒಂದು ದಿನದ ದುಡಿಮೆಯನ್ನು ಬಿಟ್ಟು ಬಂದು, "ಸರ್ವರ್ ಇಲ್ಲ, ನಾಳೆ ಬಾ" ಎಂಬ ಮಾತನ್ನು ಕೇಳಿ ಹಿಂದಿರುಗಿದರೆ ಅವಳಿಗಾದ ನಷ್ಟವು ಒಂದು ದಿನದ ಕೂಲಿ. ಮರುದಿನವೂ ಅದೇ ಮಾತಾದರೆ ಎರಡು ದಿನದ್ದು. ಈ ನಷ್ಟವನ್ನು ಯಾವ ಕಂಪನಿಯ ಲೆಕ್ಕದ ಪುಸ್ತಕವೂ ತೋರಿಸುವದಿಲ್ಲ. ಜಾಲವಿಲ್ಲವೆಂಬ ಅಥವಾ ಬೆರಳು ಒಪ್ಪಲಿಲ್ಲವೆಂಬ ಕಾರಣದಿಂದ ಅರ್ಹರಾದ ಯಾರಿಗೂ ಧಾನ್ಯವನ್ನು ನಿರಾಕರಿಸಕೂಡದೆಂದು ಕೇಂದ್ರದ ಆಹಾರ ಇಲಾಖೆಯು 2017ರ ಅಕ್ಟೋಬರದಲ್ಲಿಯೇ ರಾಜ್ಯಗಳಿಗೆ ತಿಳಿಸಿದೆ. ಆ ಸೂಚನೆಯು ಪ್ರತಿಯೊಂದು ಅಂಗಡಿಯ ಗೋಡೆಯ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರಗಳಿಂದ ಬರೆದಿರತಕ್ಕದ್ದು.

ಮಹಾಪೂರದ ವಿಷಯವನ್ನು ಬೇರೆಯಾಗಿ ಹೇಳಬೇಕಾಗಿದೆ. 2019ರಲ್ಲಿ ಕೃಷ್ಣೆಯೂ 2020ರಲ್ಲಿ ಭೀಮೆಯೂ ದಂಡೆ ಮೀರಿದ್ದನ್ನು ಈ ಸೀಮೆಯವರು ಮರೆತಿಲ್ಲ. ಹೊಳೆ ಏರುತ್ತಿರುವದೆಂಬ ಸುದ್ದಿ ಎಲ್ಲಕ್ಕಿಂತ ಮೊದಲು ಮುಟ್ಟಬೇಕಾದದ್ದು ದಂಡೆಯ ಹಳ್ಳಿಗೆ. ಆದರೆ ಮಳೆಗಾಳಿಗೆ ವಿದ್ಯುತ್ತು ನಿಂತು, ಟವರಿನ ಬ್ಯಾಟರಿ ಬರಿದಾಗಿ, ಡೀಸೆಲ್ಲು ತಲುಪದೆ ಹೋದರೆ ಜಾಲವು ಮೊದಲು ಸಾಯುವದೂ ಇಂಥ ಹಳ್ಳಿಗಳಲ್ಲಿಯೇ. ಇದು ಜೀವದ ಪ್ರಶ್ನೆ.

ಧರ್ಮವಲ್ಲ, ಹಕ್ಕು

ಹಳ್ಳಿಯ ಟವರಿನಿಂದ ಹುಟ್ಟುವಳಿ ಬರುವದಿಲ್ಲ, ನಷ್ಟಕ್ಕೆ ನಾವೇಕೆ ಕೈಹಾಕಬೇಕೆಂದು ಕಂಪನಿಗಳವರು ಕೇಳಬಹುದು. ವ್ಯಾಪಾರಿಯ ಮಾತಾಗಿ ಇದರಲ್ಲಿ ತಪ್ಪಿಲ್ಲ. ಆದರೆ ಎರಡು ಉತ್ತರಗಳಿವೆ. ಮೊದಲನೆಯದು, ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿದೆ. ವಡಗೇರಾದ ಮೇಲಿನ ಆಕಾಶವು ವಡಗೇರಾದವರದೂ ಅಹುದು. ಹರಾಜಿನಲ್ಲಿ ಕೊಂಡವನು ಬಳಸುವ ಹಕ್ಕನ್ನು ಕೊಂಡನೇ ಹೊರತು ಬಳಸದೆ ಬೀಳುಬಿಡುವ ಹಕ್ಕನ್ನಲ್ಲ. ಎರಡನೆಯದು, ಕಂಪನಿಗಳ ಹುಟ್ಟುವಳಿಯಲ್ಲಿ ನೂರಕ್ಕೆ ಐದರಷ್ಟು ಭಾಗವನ್ನು ಹಿಂದುಳಿದ ಹಳ್ಳಿಗಳ ಸೇವೆಗೆಂದು ಒಂದು ನಿಧಿಗೆ ಕಟ್ಟುವ ಪದ್ಧತಿಯು 2002ರಿಂದ ನಡೆದು ಬಂದಿದೆ. 2023ರ ದೂರಸಂಪರ್ಕ ಕಾಯಿದೆಯು ಅದಕ್ಕೆ ಡಿಜಿಟಲ್ ಭಾರತ ನಿಧಿ ಎಂಬ ಹೆಸರಿಟ್ಟಿದೆ. ಆ ಹಣವು ಕೊನೆಗೆ ಬರುವದು ಗಿರಾಕಿಯ ಜೇಬಿನಿಂದ. ಹಳ್ಳಿಗನು ಹಾಕಿಸಿದ ಪ್ರತಿಯೊಂದು ರೀಚಾರ್ಜಿನಲ್ಲಿಯೂ ಆ ಭಾಗವಿದೆ. ತನ್ನ ದುಡ್ಡಿನ ಕೆಲಸವನ್ನು ಕೇಳುವವನು ಭಿಕ್ಷುಕನಾಗನು.

ಸರಕಾರವು ಸುಮ್ಮನೆ ಕುಳಿತಿಲ್ಲವೆಂಬದನ್ನೂ ಹೇಳುವದು ನ್ಯಾಯ. ಗ್ರಾಮಪಂಚಾಯತಿಗಳಿಗೆ ಗಾಜಿನ ಎಳೆಯನ್ನು ಒಯ್ಯುವ ಯೋಜನೆಯು 2011ರಲ್ಲಿ ಮಂಜೂರಾಗಿ, ಭಾರತನೆಟ್ ಎಂಬ ಹೆಸರಿನಿಂದ ಮುಂದುವರಿದಿದೆ. 2023ರಲ್ಲಿ ಅದಕ್ಕೆ 1.39 ಲಕ್ಷ ಕೋಟಿ ರೂಪಾಯಿಗಳ ಹೊಸ ಮಂಜೂರಾತಿ ದೊರೆಯಿತು. ನಾಲ್ಕನೆಯ ತಲೆಮಾರು ಮುಟ್ಟದ 24,680 ಹಳ್ಳಿಗಳಿಗೆ ಭಾರತ ಸಂಚಾರ ನಿಗಮದ ಮೂಲಕ ಜಾಲ ಒದಗಿಸಲು 2022ರಲ್ಲಿ 26,316 ಕೋಟಿ ಮಂಜೂರಾಯಿತು. ಮಂಜೂರಾದ ಹಣಕ್ಕೂ ಹರಿದ ಜಾಲಕ್ಕೂ ನಡುವೆ ಎಷ್ಟು ದೂರವೆಂಬದೇ ನಮ್ಮ ಪ್ರಶ್ನೆ. ಪಂಚಾಯತಿಯ ಕಪಾಟಿನವರೆಗೆ ಬಂದ ಎಳೆಯು ಅಲ್ಲಿಂದ ಶಾಲೆಗೂ ಆಸ್ಪತ್ರೆಗೂ ಹೋಗದಿದ್ದರೆ ಅದು ಹೊಲಗಾಲುವೆ ಇಲ್ಲದ ದೊಡ್ಡ ಕಾಲುವೆಯಂತಾಗುವದು.

ಸ್ವದೇಶಿಯ ಮಾತು

ಸ್ವತಂತ್ರ ಭಾರತದ ಮೊದಲ ಸರಕಾರಿ ಕಾರಖಾನೆಯಾದ ಭಾರತೀಯ ದೂರವಾಣಿ ಕಾರಖಾನೆಯು 1948ರಲ್ಲಿ ಸ್ಥಾಪಿತವಾದದ್ದು ಬೆಂಗಳೂರಿನಲ್ಲಿ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯ ನಮ್ಮ ತರುಣ ಇಂಜಿನಿಯರರು ದೇಶದ ಧೂಳು ಸೆಕೆಗಳನ್ನು ತಡೆಯಬಲ್ಲ, ತಂಪು ಕೋಣೆಯ ಹಂಗಿಲ್ಲದ ಸಣ್ಣ ಹಳ್ಳಿ ವಿನಿಮಯ ಯಂತ್ರವನ್ನು ನಿರ್ಮಿಸಿ, 1986ರಲ್ಲಿ ಅದನ್ನು ಮೊದಲು ಸ್ಥಾಪಿಸಿದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಪರದೇಶದ ಯಂತ್ರಗಳು ಹಳ್ಳಿಗೆ ಹೊಂದಲಿಲ್ಲ. ಹಳ್ಳಿಗಾಗಿಯೇ ಮಾಡಿದ ಯಂತ್ರವು ಹೊಂದಿತು. ಈ ಪಾಠವನ್ನು ನಡುವೆ ಮರೆತು, ಎರಡನೆಯ ಮೂರನೆಯ ತಲೆಮಾರುಗಳ ಯಂತ್ರಗಳನ್ನೆಲ್ಲ ಹೊರಗಿನಿಂದ ತರಿಸಿದೆವು. 2025ರ ಸಪ್ಟೆಂಬರ 27ರಂದು ಭಾರತ ಸಂಚಾರ ನಿಗಮದ ನಾಲ್ಕನೆಯ ತಲೆಮಾರಿನ ಸ್ವದೇಶಿ ಜಾಲವು ಲೋಕಾರ್ಪಣವಾದಾಗ ಆ ಮರೆವು ಹರಿಯಿತೆನ್ನಬಹುದು. ಅದರ ಒಳತಿರುಳು ಸಿ-ಡಾಟಿನದು, ಟವರಿನ ಯಂತ್ರಗಳು ಬೆಂಗಳೂರಿನ ತೇಜಸ್ ಕಂಪನಿಯವು, ಜೋಡಣೆ ಟಾಟಾದವರದು. ದೂರ ನಡೆಯಬಲ್ಲ 700 ಮೆಗಾಹರ್ಟ್ಸಿನ ತರಂಗವೂ ನಿಗಮದ ಕೈಯಲ್ಲಿದೆ. ಖಾಸಗಿಯವರಿಗಿಂತ ಹದಿಮೂರು ವರುಷ ತಡವಾಯಿತು, ನಿಜ. ಈ ತಡದಿಂದ ನಿಗಮವು ಕಳೆದುಕೊಂಡ ಗಿರಾಕಿಗಳೂ ಅಪಾರ. ಆದರೂ ಲಾಭವಿಲ್ಲದಲ್ಲಿಗೂ ಹೋಗತಕ್ಕ ಒಂದು ಸಂಸ್ಥೆ ನಾಡಿಗೆ ಬೇಕೇ ಬೇಕು. ಅದನ್ನು ನಗುತ್ತ ಸಾಯಗೊಡುವವರು ನಾಳೆ ದರವೇರಿದಾಗ ಅಳಬೇಕಾದೀತು.

ಆಕಾಶದ ಉಪಗ್ರಹಗಳಿಂದ ನೇರವಾಗಿ ಜಾಲವನ್ನಿಳಿಸುವ ಹೊಸ ಪಂದ್ಯವೂ ಹೂಡಿಕೆಯಾಗುತ್ತಿದೆ. ಅಮೇರಿಕೆಯ ಸ್ಟಾರ್‌ಲಿಂಕಿಗೆ ಕೇಂದ್ರವು 2025ರಲ್ಲಿ ಪರವಾನಗಿ ಕೊಟ್ಟಿತು. ಬೆಟ್ಟಗಾಡಿಗೆ ಇದು ಉಪಕಾರಿಯಾದೀತು. ಆದರೆ ಬಯಲಿನಲ್ಲಿ ಟವರು ನಿಲ್ಲಿಸಬಹುದಾದ ಸೀಮೆಗೆ ದುಬಾರಿಯ ತಟ್ಟೆಯನ್ನು ತೋರಿಸಿ ಟವರಿನ ಹೊಣೆಯಿಂದ ತಪ್ಪಿಸಿಕೊಳ್ಳುವದು ಸಲ್ಲದು.

ಇನ್ನು ಮಾಡತಕ್ಕದ್ದೇನು? ನಿಯಂತ್ರಣ ಪ್ರಾಧಿಕಾರವು 2024ರ ನಿಯಮಗಳಲ್ಲಿ ಜಾಲದ ನಕ್ಷೆಗಳನ್ನು ಕಂಪನಿಗಳು ಪ್ರಕಟಿಸತಕ್ಕದ್ದೆಂದೂ, ಒಂದು ಜಿಲ್ಹೆಯಲ್ಲಿ ಇಪ್ಪತ್ತನಾಲ್ಕು ಗಂಟೆಗಳಿಗಿಂತ ಹೆಚ್ಚು ಜಾಲ ನಿಂತರೆ ಗಿರಾಕಿಗೆ ಪರಿಹಾರ ಕೊಡತಕ್ಕದ್ದೆಂದೂ ವಿಧಿಸಿತು. ಸ್ತುತ್ಯವಾದ ಕ್ರಮ. ಆದರೆ ಜಿಲ್ಹೆಯನ್ನು ಅಳತೆಗೋಲಾಗಿ ಹಿಡಿದರೆ ಒಂದೇ ಟವರನ್ನು ನಂಬಿದ ಮೂರು ಹಳ್ಳಿಗಳು ವಾರವಿಡೀ ಮೂಕವಾಗಿದ್ದರೂ ಲೆಕ್ಕಕ್ಕೆ ಬರಲಾರವು. ಅಳತೆಯು ಟವರಿನ ಮಟ್ಟಕ್ಕೆ ಇಳಿಯಬೇಕು. ತಾಲೂಕು ಕಚೇರಿಯಲ್ಲಿ ಮಳೆಯ ಅಳತೆಗೆ ರಿಜಿಸ್ಟರು ಇರುವಂತೆ ಜಾಲ ನಿಂತ ದಿನ, ನಿಂತ ತಾಸು, ನಿಂತ ಹಳ್ಳಿಗಳಿಗೂ ಒಂದು ರಿಜಿಸ್ಟರಿರಲಿ. ಇದಕ್ಕೆ ಹೊಸ ಕಾಯಿದೆ ಬೇಡ, ಹಣವೂ ಬೇಡ. ತಹಸೀಲ್ದಾರರ ಒಂದು ಆಜ್ಞೆ ಸಾಕು. ಆ ರಿಜಿಸ್ಟರು ಇದ್ದರೆ ಶಾಸಕರು ಕೇಳುವ ಪ್ರಶ್ನೆಗೂ ಕಂಪನಿಗೆ ಬರೆಯುವ ಕಾಗದಕ್ಕೂ ಬೆನ್ನೆಲುಬು ಬರುವದು. ನಿಧಿಯ ಹಣದಿಂದ ಕಟ್ಟಿದ ಟವರುಗಳ ಮೇಲೆ ಯಾವ ಕಂಪನಿಯ ಗಿರಾಕಿಯಾದರೂ ಮಾತಾಡಬಹುದೆಂಬ ವ್ಯವಸ್ಥೆಗೆ 2025ರ ಜನವರಿಯಲ್ಲಿ ಪ್ರಾರಂಭವಾಯಿತು. ಒಂದೇ ಟವರಿರುವ ಎಲ್ಲ ಹಳ್ಳಿಗಳಿಗೂ ಅದನ್ನು ವಿಸ್ತರಿಸಬೇಕು. ನದಿದಂಡೆಯ ಟವರುಗಳಿಗೆ ಮಳೆಗಾಲಕ್ಕೆ ಮುಂಚಿತವಾಗಿ ಬ್ಯಾಟರಿ ಡೀಸೆಲ್ಲುಗಳ ತಪಾಸಣೆಯಾಗಬೇಕು. ಕಂಪನಿಗಳ ದೂರು ಕೇಳುವ ಧ್ವನಿಯು ನಮ್ಮ ಜನರೊಡನೆ ಕನ್ನಡದಲ್ಲಿ ಮಾತಾಡಬೇಕು.

ನಮ್ಮ ಸೀಮೆಯು ನಿಜಾಮರ ಆಳಿಕೆಯಿಂದ 1948ರ ಸಪ್ಟೆಂಬರ 17ರಂದು ಬಿಡುಗಡೆಯಾಗುವಾಗ ದೇಶದ ಉಳಿದ ಭಾಗಕ್ಕಿಂತ ಒಂದು ವರುಷ ಹಿಂದೆ ಬಿದ್ದಿತ್ತು. ಹಿಂದೆ ಬಿದ್ದವರನ್ನು ಕೈಹಿಡಿದು ನಡೆಸುವದಕ್ಕಾಗಿಯೇ ಸಂವಿಧಾನದಲ್ಲಿ 371ಜೆ ಎಂಬ ವಿಧಿಯನ್ನು ಸೇರಿಸಲಾಯಿತು. ರಸ್ತೆ, ಶಾಲೆ, ನೌಕರಿಗಳಿಗೆ ಅನ್ವಯಿಸುವ ಆ ನ್ಯಾಯವು ತರಂಗಕ್ಕೂ ಅನ್ವಯಿಸಬೇಕೆಂದು ನಮ್ಮ ಅಭಿಪ್ರಾಯ. ಜಾಲಗಳು ತಮ್ಮತಮ್ಮೊಳಗೆ ಹೋರಾಡಲಿ, ಗೆಲ್ಲುವವರು ಗೆಲ್ಲಲಿ. ಸೋಲಿನ ವೆಚ್ಚವು ಕೊನೆಯ ಹೊಲದವನ ತಲೆಯ ಮೇಲೆ ಬೀಳದಂತೆ ನೋಡಿಕೊಳ್ಳುವದು ಸರಕಾರದ ಕರ್ತವ್ಯವು. ಜಿಲ್ಹೆಯ ಅಧಿಕಾರಿಗಳೂ ಜನಪ್ರತಿನಿಧಿಗಳೂ ಮುಂಬರುವ ಮಳೆಗಾಲದ ಒಳಗಾಗಿ ಈ ವಿಷಯದ ಕಡೆಗೆ ಲಕ್ಷ್ಯವೀಯುವರೆಂದು ನಂಬಿರುತ್ತೇವೆ.